ಬೀಡಿ ಕಟ್ಟಿದ ಹುಡುಗ, ಮತ ಕೇಳಿದ ನ್ಯಾಯಾಧೀಶ

2023ರ ಜನವರಿಯ ಮೊದಲ ವಾರದಲ್ಲಿ ನಮ್ಮ ನೆರೆಯ ಕಾಸರಗೋಡು ಜಿಲ್ಲೆಯ ಬಳಾಲ್ ಎಂಬ ಗುಡ್ಡಗಾಡು ಹಳ್ಳಿಯ ಹೆಸರು ಪತ್ರಿಕೆಗಳಲ್ಲಿ ಕಾಣಿಸಿಕೊಂಡಿತು. ಆ ಹಳ್ಳಿಯ ಸುರೇಂದ್ರನ್ ಕೆ. ಪಟ್ಟೇಲ್ ಎಂಬವರು ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ನ್ಯಾಯಾಧೀಶರಾಗಿ ಪ್ರಮಾಣವಚನ ಸ್ವೀಕರಿಸಿದ್ದರು. ಫೋರ್ಟ್ ಬೆಂಡ್ ಕೌಂಟಿಯ 240ನೇ ಡಿಸ್ಟ್ರಿಕ್ಟ್ ಕೋರ್ಟ್ ಅವರ ಪೀಠ. ಬಾಲ್ಯದಲ್ಲಿ ಬೀಡಿ ಕಟ್ಟಿದವರು, ಅಮೆರಿಕಕ್ಕೆ ಹೋದ ಮೇಲೆ ದಿನಸಿ ಅಂಗಡಿಯಲ್ಲಿ ದುಡಿದವರು ಎಂದು ಪತ್ರಿಕೆಗಳು ಬರೆದವು.

ಈ ಸುದ್ದಿಯ ಅರ್ಧ ಭಾಗ ನಮಗೆ ಚೆನ್ನಾಗಿ ಅರ್ಥವಾಗುವಂಥದ್ದು. ಬೀಡಿ ಅಂದರೇನೆಂದು ಕರಾವಳಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇನ್ನರ್ಧ ಮಾತ್ರ ವಿಚಿತ್ರ. ಅವರು ನ್ಯಾಯಾಧೀಶರಾದದ್ದು ಪರೀಕ್ಷೆ ಬರೆದಲ್ಲ, ಸರಕಾರ ನೇಮಿಸಿದ್ದರಿಂದಲೂ ಅಲ್ಲ. ಅವರು ಚುನಾವಣೆಗೆ ನಿಂತು, ಮನೆ ಮನೆಗೆ ಹೋಗಿ ಮತ ಕೇಳಿ ಗೆದ್ದು ಬಂದಿದ್ದರು! ನ್ಯಾಯಾಧೀಶನೊಬ್ಬ ಮತ ಕೇಳುವುದೇ? ಮತ ಹಾಕಿದವನೇ ನಾಳೆ ಕಟಕಟೆಯಲ್ಲಿ ಬಂದು ನಿಂತರೆ?

ಈ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು ಮನುಷ್ಯನ ಕಥೆ ತಿಳಿಯೋಣ.

ತಡ್ಪೆಯಿಂದ ತರಗತಿಗೆ

ಪಟ್ಟೇಲ್ ಅವರ ತಂದೆ ತಾಯಿ ದಿನಗೂಲಿಗಳು. ಮನೆ ಖರ್ಚು ಸರಿದೂಗಿಸಲು ಅವರೂ ಅಕ್ಕನೂ ಬೀಡಿ ಕಟ್ಟುತ್ತಿದ್ದರು. ಎಲೆ ನೆನೆಸುವುದು, ಅಳತೆಗೆ ಕತ್ತರಿಸುವುದು, ಹೊಗೆಸೊಪ್ಪು ತುಂಬಿ ಸುತ್ತಿ ನೂಲು ಬಿಗಿಯುವುದು, ಕಟ್ಟು ಮಾಡಿ ಬ್ರಾಂಚಿಗೆ ಒಯ್ಯುವುದು... ಲೆಕ್ಕ ಸಾವಿರ ಬೀಡಿಗೆ ಇಷ್ಟು ಮಜೂರಿ ಎಂದು. ನಾನು ಪಾಠ ಹೇಳುವ ಮಕ್ಕಳಲ್ಲಿ ಕೆಲವರ ನೋಟ್ ಪುಸ್ತಕ ತೆರೆದರೆ ಇಂದಿಗೂ ಹೊಗೆಸೊಪ್ಪಿನ ವಾಸನೆ ಮೂಗಿಗೆ ಬಡಿಯುತ್ತದೆ. ತಾಯಿಯ ಪಕ್ಕದಲ್ಲಿ ಕುಳಿತು ಹೋಂವರ್ಕ್ ಮಾಡುವಾಗ ಹತ್ತಿದ ವಾಸನೆ ಅದು. ಬೀಡಿಯ ದುಡ್ಡಿನಿಂದ ಎಷ್ಟು ಹೆಣ್ಮಕ್ಕಳ ಮದುವೆಯಾಗಿದೆ, ಎಷ್ಟು ಗಂಡುಮಕ್ಕಳ ಫೀಸು ಕಟ್ಟಿದೆ ಎಂದು ಲೆಕ್ಕ ಇಟ್ಟವರಿಲ್ಲ.

ಹತ್ತನೇ ತರಗತಿ ಮುಗಿಸಿದ ಹುಡುಗ ಶಾಲೆ ಬಿಟ್ಟ. ಒಂದು ವರ್ಷ ಪೂರ್ತಿ ಬೀಡಿ ಕಟ್ಟಿದ. ಆ ಒಂದು ವರ್ಷವೇ ಬದುಕಿನ ಬಗ್ಗೆ ತನ್ನ ನೋಟವನ್ನು ಬದಲಿಸಿತು ಎಂದು ಪಟ್ಟೇಲ್ ಮುಂದೆ ಸಂದರ್ಶನಗಳಲ್ಲಿ ಹೇಳಿದ್ದಾರೆ. ಅಕ್ಕ ತೀರಿಕೊಂಡದ್ದು ಆ ಕುಟುಂಬಕ್ಕೆ ಬಿದ್ದ ಇನ್ನೊಂದು ಪೆಟ್ಟು. ಅದನ್ನು ಆತ್ಮಹತ್ಯೆ ಎಂದು ಮುಗಿಸಲಾಯಿತು, ಆದರೆ ನ್ಯಾಯ ಸಿಕ್ಕಿತೆಂದು ತನಗೆ ಅನಿಸಲೇ ಇಲ್ಲ ಎಂದು ಅವರು ಹೇಳಿಕೊಂಡಿದ್ದಾರೆ. ಕಾನೂನು ಓದಬೇಕೆಂಬ ಹಟ ಎಲ್ಲಿಂದ ಬಂತೆಂದು ಇದಕ್ಕಿಂತ ಹೆಚ್ಚು ವಿವರಿಸಬೇಕಾಗಿಲ್ಲ.

ಮತ್ತೆ ಕಾಲೇಜು ಸೇರಿದರು. ಈಗ ಇ.ಕೆ. ನಾಯನಾರ್ ಅವರ ಹೆಸರಿನಲ್ಲಿರುವ ಕಾಸರಗೋಡು ಜಿಲ್ಲೆಯ ಸರಕಾರಿ ಕಾಲೇಜು ಅದು. ಬೀಡಿ ಕೆಲಸ ನಿಲ್ಲಿಸುವಂತಿರಲಿಲ್ಲ, ಹಾಗಾಗಿ ಹಾಜರಿ ಕಡಿಮೆಯಾಯಿತು. ಪರೀಕ್ಷೆಗೆ ಕೂರಿಸುವುದಿಲ್ಲ ಎಂದರು ಅಧ್ಯಾಪಕರು. ಹುಡುಗ ಅಂಗಲಾಚಿದ. ಆದರೆ ಕಾರಣ ಹೇಳಲಿಲ್ಲ. ಬೀಡಿ ಕಟ್ಟಲು ಹೋಗುತ್ತಿದ್ದೆ ಎಂದರೆ ಕನಿಕರ ತೋರಿಸಿಯಾರು, ಅದು ಬೇಡ ಎಂಬ ಸ್ವಾಭಿಮಾನ. ಒಳ್ಳೆಯ ಅಂಕ ಬಾರದಿದ್ದರೆ ತಾನೇ ಕಾಲೇಜು ಬಿಡುತ್ತೇನೆ ಎಂದು ಮಾತು ಕೊಟ್ಟು ಪರೀಕ್ಷೆ ಬರೆದ. ಫಲಿತಾಂಶ ಬಂದಾಗ ಆತನೇ ಮೊದಲಿಗ!

ಅಧ್ಯಾಪಕ ಮಿತ್ರರೇ, ಈ ಭಾಗವನ್ನು ಇನ್ನೊಮ್ಮೆ ಓದಿ. ಹಾಜರಿ ಪುಸ್ತಕದಲ್ಲಿ ನಾವು ಹಾಕುವ ಗೈರುಹಾಜರಿಯ ಗುರುತಿನ ಹಿಂದೆ ಏನಿದೆ ಎಂದು ವಿಚಾರಿಸುವವರು ನಮ್ಮಲ್ಲಿ ಎಷ್ಟು ಮಂದಿ?

ರಾಜ್ಯಶಾಸ್ತ್ರದಲ್ಲಿ ಪದವಿ ಮುಗಿಸಿ ಕೋಝಿಕ್ಕೋಡಿನ ಸರಕಾರಿ ಲಾ ಕಾಲೇಜು ಸೇರಿದರು. ಓದಿನ ಖರ್ಚಿಗೆ ಅಲ್ಲಿನ ಹೋಟೆಲೊಂದರಲ್ಲಿ ಕೆಲಸ. 1995ರಲ್ಲಿ ಕಾನೂನು ಪದವಿ. ಆಮೇಲೆ ವಕೀಲಿ ವೃತ್ತಿ ಶುರು ಮಾಡಿದ್ದು ಹೊಸದುರ್ಗದ ನ್ಯಾಯಾಲಯದಲ್ಲಿ. ಹೆಸರೇ ಹೇಳುವಂತೆ ಆ ಊರಿಗೂ ಕನ್ನಡಕ್ಕೂ ನಂಟು ಹಳೆಯದು. ಕೋಟೆ ಕಟ್ಟಿಸಿದವರು ಇಕ್ಕೇರಿಯ ನಾಯಕರು. 1956ರ ನವೆಂಬರ್ ಒಂದರವರೆಗೆ ಆ ಪ್ರದೇಶ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯದೇ ಭಾಗವಾಗಿತ್ತು. ಅಲ್ಲಿ ಹತ್ತಿರ ಹತ್ತಿರ ಒಂದು ದಶಕ ಅವರು ವಕೀಲಿ ಮಾಡಿದರು.

ಹೆಂಡತಿಯ ಕೆಲಸ, ಗಂಡನ ದಾರಿ

ಪತ್ರಿಕೆಗಳು ಒಂದೇ ಸಾಲಿನಲ್ಲಿ ದಾಟಿಸಿದ ಒಂದು ಸಂಗತಿಯನ್ನು ನಮ್ಮ ಸಹೋದರಿಯರು ಗಮನಿಸಬೇಕು. ಪಟ್ಟೇಲ್ ಅವರ ಪತ್ನಿ ನರ್ಸ್. ಕುಟುಂಬ ದಿಲ್ಲಿಗೆ ಹೋದದ್ದು ಆಕೆಯ ಕೆಲಸಕ್ಕಾಗಿ. ಅಲ್ಲಿ ಗಂಡ ಸುಪ್ರೀಂ ಕೋರ್ಟಿನಲ್ಲಿ ವಕೀಲಿ ಮುಂದುವರಿಸಿದರು. 2007ರಲ್ಲಿ ಆಕೆಗೆ ಅಮೆರಿಕದ ಆಸ್ಪತ್ರೆಯಲ್ಲಿ ಕೆಲಸದ ಅವಕಾಶ ಬಂತು. ಕುಟುಂಬ ಸಮೇತ ಹ್ಯೂಸ್ಟನ್ ನಗರಕ್ಕೆ ಹೊರಟರು.

ಅಲ್ಲಿ ಹೆಂಡತಿಗೆ ಕೆಲಸವಿತ್ತು, ಗಂಡನಿಗೆ ಇರಲಿಲ್ಲ. ಊರಿನಲ್ಲಿ ಕರಿಕೋಟು ಹಾಕಿ ಓಡಾಡಿದ ಮನುಷ್ಯ ದಿನಸಿ ಅಂಗಡಿಯಲ್ಲಿ ಕೆಲಸಕ್ಕೆ ನಿಂತರು. ನಮ್ಮಲ್ಲಾದರೆ ಬಂಧುಗಳು ಸುಮ್ಮನಿರುತ್ತಿದ್ದರೇ? 'ಹೆಂಡತಿಯ ಸಂಬಳದಲ್ಲಿ ಕೂತು ತಿನ್ನುತ್ತಾನೆ' ಎಂಬ ಮಾತು ಮದುವೆ ಮನೆಯಿಂದ ಮದುವೆ ಮನೆಗೆ ಹಬ್ಬುತ್ತಿತ್ತು. ಅಂಗಡಿಯ ಕೆಲಸದ ನಡುವೆಯೇ ಅಮೆರಿಕದ ಕಾನೂನು ಓದಿ, ಎರಡು ವರ್ಷದೊಳಗೆ ಟೆಕ್ಸಾಸ್‌ನ ಬಾರ್ ಪರೀಕ್ಷೆಯನ್ನು ಮೊದಲ ಯತ್ನದಲ್ಲೇ ಅವರು ಪಾಸು ಮಾಡಿದರು. 2011ರಲ್ಲಿ ಹ್ಯೂಸ್ಟನ್ ವಿಶ್ವವಿದ್ಯಾಲಯದಿಂದ ಅಂತರರಾಷ್ಟ್ರೀಯ ಕಾನೂನಿನಲ್ಲಿ ಸ್ನಾತಕೋತ್ತರ ಪದವಿ. ಕುಟುಂಬ ವ್ಯಾಜ್ಯ, ಕ್ರಿಮಿನಲ್, ಸಿವಿಲ್, ಆಸ್ತಿ, ಎಲ್ಲ ಬಗೆಯ ಕೇಸುಗಳನ್ನೂ ನಡೆಸಿದರು. 2017ರಲ್ಲಿ ಅಮೆರಿಕದ ಪೌರತ್ವ ಸಿಕ್ಕಿತು.

2020ರಲ್ಲಿ ನ್ಯಾಯಾಧೀಶ ಹುದ್ದೆಗೆ ಮೊದಲ ಬಾರಿ ಸ್ಪರ್ಧಿಸಿದರು. ಪಕ್ಷದ ಒಳಚುನಾವಣೆಯಲ್ಲೇ ಸೋತರು. 2022ರಲ್ಲಿ ಮತ್ತೆ ನಿಂತರು. ಪೌರತ್ವ ಸಿಕ್ಕಿದ ಐದು ವರ್ಷಕ್ಕೆ ನ್ಯಾಯಾಧೀಶ!

ಮತಪತ್ರದಲ್ಲಿ ಪೀಠದ ಹೆಸರು

ಅಮೆರಿಕದಲ್ಲಿ ಎರಡು ಬಗೆಯ ನ್ಯಾಯಾಲಯಗಳಿವೆ. ಕೇಂದ್ರ ಸರಕಾರದ ನ್ಯಾಯಾಲಯಗಳಿಗೆ ಅಧ್ಯಕ್ಷರು ನೇಮಕ ಮಾಡುತ್ತಾರೆ, ಸೆನೆಟ್ ಒಪ್ಪಬೇಕು, ಒಪ್ಪಿದ ಮೇಲೆ ಜೀವನಪರ್ಯಂತ ಹುದ್ದೆ. ಆದರೆ ಜನಸಾಮಾನ್ಯರು ಮೆಟ್ಟಿಲು ಹತ್ತುವುದು ಹೆಚ್ಚಾಗಿ ರಾಜ್ಯದ ನ್ಯಾಯಾಲಯಗಳಿಗೆ. ಕೊಲೆ, ದರೋಡೆ, ವಿಚ್ಛೇದನ, ಮಕ್ಕಳ ಪಾಲನೆ, ಜಾಗದ ತಕರಾರು ಎಲ್ಲ ಅಲ್ಲಿಯೇ. ಈ ನ್ಯಾಯಾಲಯಗಳಿಗೆ ನ್ಯಾಯಾಧೀಶರನ್ನು ಆರಿಸುವ ಕ್ರಮ ಒಂದೊಂದು ರಾಜ್ಯದಲ್ಲಿ ಒಂದೊಂದು ತರ. ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ರಾಜ್ಯಗಳಲ್ಲಿ ಯಾವುದಾದರೊಂದು ಹಂತದ ನ್ಯಾಯಾಧೀಶರು ಜನರ ಮುಂದೆ ಮತಕ್ಕೆ ನಿಲ್ಲಲೇಬೇಕು.

ಟೆಕ್ಸಾಸ್ ಇದರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ಕೆಳಗಿನ ಕೋರ್ಟಿನಿಂದ ರಾಜ್ಯದ ಸುಪ್ರೀಂ ಕೋರ್ಟಿನವರೆಗೆ ಚುನಾವಣೆ, ಅದೂ ಪಕ್ಷದ ಚಿಹ್ನೆಯಡಿ ಎಂದ ಹಾಗೆ. ಅಭ್ಯರ್ಥಿಯ ಹೆಸರಿನ ಪಕ್ಕದಲ್ಲಿ ಡೆಮಾಕ್ರಟಿಕ್ ಅಥವಾ ರಿಪಬ್ಲಿಕನ್ ಎಂದು ಅಚ್ಚಾಗಿರುತ್ತದೆ. ಡಿಸ್ಟ್ರಿಕ್ಟ್ ಕೋರ್ಟಿನ ನ್ಯಾಯಾಧೀಶರ ಅವಧಿ ನಾಲ್ಕು ವರ್ಷ. ಆರೋಪಿಯ ವಿರುದ್ಧ ವಾದಿಸುವ ಜಿಲ್ಲಾ ಸರಕಾರಿ ವಕೀಲ ಚುನಾಯಿತ, ಜೈಲು ನೋಡಿಕೊಳ್ಳುವ ಶೆರಿಫ್ ಚುನಾಯಿತ, ಕಡತ ಕಾಯುವ ಕೋರ್ಟಿನ ಗುಮಾಸ್ತನೂ ಚುನಾಯಿತ! ನಮ್ಮ ಗ್ರಾಮ ಪಂಚಾಯತ್ ಚುನಾವಣೆಯೇ ಗಲಾಟೆ ಎನ್ನುವವರು ಅಲ್ಲಿನ ಮತಪತ್ರವನ್ನೊಮ್ಮೆ ನೋಡಬೇಕು.

ಇದು ಹುಚ್ಚು ಎಂದು ತಳ್ಳಿಬಿಡುವ ಮುನ್ನ ಕಾರಣ ಕೇಳೋಣ. 1832ರಲ್ಲಿ ಮಿಸಿಸಿಪಿ ರಾಜ್ಯ ತನ್ನ ಎಲ್ಲ ನ್ಯಾಯಾಧೀಶರನ್ನು ಚುನಾವಣೆಯಿಂದಲೇ ಆರಿಸುವ ನಿಯಮ ಮಾಡಿತು. 1846ರಲ್ಲಿ ನ್ಯೂಯಾರ್ಕ್ ಅದೇ ದಾರಿ ಹಿಡಿಯಿತು, ಮತ್ತೆ ಹಲವು ರಾಜ್ಯಗಳು. ರಾಜ್ಯಪಾಲರು ಮತ್ತು ಶಾಸಕರು ತಮ್ಮವರನ್ನೇ ಪೀಠದಲ್ಲಿ ಕೂರಿಸುತ್ತಾರೆ, ಅಂಥವರು ಜನರಿಗಲ್ಲ, ಕೂರಿಸಿದವರಿಗೆ ನಿಷ್ಠರಾಗಿರುತ್ತಾರೆ ಎಂಬ ಸಿಟ್ಟು ಜನರಲ್ಲಿತ್ತು. ನೇಮಿಸುವವನ ಹಂಗಿಗಿಂತ ಜನರ ಹಂಗು ಮೇಲಲ್ಲವೇ ಎಂಬುದು ಅವರ ವಾದ. ಟೆಕ್ಸಾಸ್‌ನ 1876ರ ಸಂವಿಧಾನ ಈ ಪದ್ಧತಿಯನ್ನು ಗಟ್ಟಿ ಮಾಡಿತು. ನೇಮಕಾತಿಯ ವಿಷಯದಲ್ಲಿ ನಮ್ಮಲ್ಲೂ ಕೇಳಿಬರುವ ಗುಮಾನಿಗಳನ್ನು ನೆನೆದರೆ ಆ ವಾದದಲ್ಲಿ ಹುರುಳಿಲ್ಲ ಎನ್ನಲು ನನಗೆ ಧೈರ್ಯ ಬರುವುದಿಲ್ಲ.

ಇಲ್ಲಿ ಸಣ್ಣದೊಂದು ಗೊಂದಲ ಬಿಡಿಸಬೇಕು. ಫೋರ್ಟ್ ಬೆಂಡ್‌ನಲ್ಲಿ ಕೇರಳ ಮೂಲದ ಕೆ.ಪಿ. ಜಾರ್ಜ್ 2018ರಲ್ಲಿ 'ಕೌಂಟಿ ಜಡ್ಜ್' ಆಗಿ ಗೆದ್ದಾಗಲೂ ನಮ್ಮ ಕಡೆ ದೊಡ್ಡ ಸುದ್ದಿಯಾಯಿತು. ಆದರೆ ಆ ಹುದ್ದೆ ಹೆಸರಿಗೆ ಜಡ್ಜ್, ಕೆಲಸ ನಮ್ಮ ಜಿಲ್ಲಾ ಪಂಚಾಯತ್ ಅಧ್ಯಕ್ಷರ ತರದ್ದು. ಬಜೆಟ್, ರಸ್ತೆ, ನೆರೆ ಪರಿಹಾರ ಇತ್ಯಾದಿ. ಪಟ್ಟೇಲ್ ಹಾಗಲ್ಲ. ಅವರು ಪೀಠದಲ್ಲಿ ಕೂತು ಸಾಕ್ಷಿ ಕೇಳುವ, ಶಿಕ್ಷೆ ಕೊಡುವ ನ್ಯಾಯಾಧೀಶ. ಅದೇ ಕೌಂಟಿಯಲ್ಲಿ ತಿರುವಲ್ಲಾ ಮೂಲದ ಜೂಲಿ ಮ್ಯಾಥ್ಯೂ ಕೂಡ 2018ರಲ್ಲಿ ಇನ್ನೊಂದು ಕೋರ್ಟಿಗೆ ಗೆದ್ದಿದ್ದರು. 2022ರಲ್ಲಿ ಮರು ಆಯ್ಕೆಯಾದಾಗ ಆಕೆ ಗಂಡನ ಊರಾದ ಕಾಸರಗೋಡಿನ ಭೀಮನಡಿಯಲ್ಲಿದ್ದರು. ಅಲ್ಲಿಂದಲೇ ಆನ್‌ಲೈನ್ ಮೂಲಕ ಪ್ರಮಾಣವಚನ! ಬಳಾಲ್, ಭೀಮನಡಿ ಎರಡೂ ವೆಳ್ಳರಿಕುಂಡು ತಾಲೂಕಿನ ಹಳ್ಳಿಗಳು.

ಫೋರ್ಟ್ ಬೆಂಡ್ ಹ್ಯೂಸ್ಟನ್‌ಗೆ ಅಂಟಿಕೊಂಡಿರುವ ಪ್ರದೇಶ. 2020ರ ಜನಗಣತಿಯಂತೆ ಜನಸಂಖ್ಯೆ 8 ಲಕ್ಷ 22 ಸಾವಿರ. ಐದರಲ್ಲಿ ಒಬ್ಬರು ಏಷ್ಯಾ ಮೂಲದವರು. ಬಿಳಿಯರು, ಕರಿಯರು, ಮೆಕ್ಸಿಕೋ ಮೂಲದವರು ಎಲ್ಲ ಇದ್ದಾರೆ, ಯಾರೂ ಅರ್ಧಕ್ಕಿಂತ ಹೆಚ್ಚಿಲ್ಲ. ಇಂಥಲ್ಲಿ ಪಟ್ಟೇಲ್ ಡೆಮಾಕ್ರಟಿಕ್ ಪಕ್ಷದ ಒಳಚುನಾವಣೆಗೆ ನಿಂತದ್ದು ಅದೇ ಪಕ್ಷದ, ಅದೇ ಪೀಠದಲ್ಲಿ ಕೂತಿದ್ದ ನ್ಯಾಯಾಧೀಶ ಫ್ರಾಂಕ್ ಫ್ರೇಲಿ ವಿರುದ್ಧ. ತಾನು ಗೆಲ್ಲಬಹುದು ಎಂದು ಸ್ವಂತ ಪಕ್ಷವೇ ನಂಬಿರಲಿಲ್ಲ ಎಂದು ಅವರು ಆಮೇಲೆ ಹೇಳಿದರು. 2022ರ ಮಾರ್ಚ್‌ನಲ್ಲಿ ಫ್ರೇಲಿ ಸೋತರು. ನವೆಂಬರ್ 8ರ ಚುನಾವಣೆಯಲ್ಲಿ ರಿಪಬ್ಲಿಕನ್ ಅಭ್ಯರ್ಥಿ ಎಡ್ವರ್ಡ್ ಕ್ರೆನೆಕ್ ಸೋತರು.

ಪ್ರಚಾರದ ಕಾಲದಲ್ಲಿ ಅವರ ಉಚ್ಚಾರಣೆಯನ್ನು ಹಿಡಿದು ಲೇವಡಿ ನಡೆಯಿತು. ಮಲಯಾಳದ ಎಳೆತವಿರುವ ಇಂಗ್ಲಿಷಿನವನಿಗೆ ಮತ ಯಾರು ಹಾಕುತ್ತಾರೆ ಎಂಬ ಧಾಟಿ. ಸಾಕ್ಷಿ ಹೇಳುವವನ ಮಾತು ಆಲಿಸುವುದು ನ್ಯಾಯಾಧೀಶನ ಕೆಲಸ. ಬೇರೆ ಬೇರೆ ಎಳೆತದ ಮಾತು ಕೇಳಿ ಬೆಳೆದ ಕಿವಿಗೆ ಅದು ಸುಲಭವೋ ಕಷ್ಟವೋ, ಲೇವಡಿ ಮಾಡಿದವರು ಯೋಚಿಸಿದಂತಿಲ್ಲ. ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ 2015ರಲ್ಲಿ ಸಿವಿಲ್ ಕೋರ್ಟಿಗೆ ಆಯ್ಕೆಯಾದ ಕ್ಯಾರೋಲಿನ್ ವಾಕರ್ ಡಿಯಾಲೊ ಎಂಬ ಮಹಿಳೆ ಕುರ್‌ಆನ್ ಮೇಲೆ ಕೈಯಿಟ್ಟು ಪ್ರಮಾಣವಚನ ಸ್ವೀಕರಿಸಿದಾಗಲೂ ಇಂಟರ್‌ನೆಟ್‌ನಲ್ಲಿ ಬೈಗುಳದ ಮಳೆ ಸುರಿದಿತ್ತು. ಬೈದವರು ಬೈದರು. ಮತ ಹಾಕಿದವರು ಮಾತ್ರ ಬೇರೆಯವರೇ ಆಗಿದ್ದರು.

ಹ್ಯೂಸ್ಟನ್ ನಗರವಿರುವ ಹ್ಯಾರಿಸ್ ಕೌಂಟಿಯಲ್ಲಿ 2018ರಲ್ಲಿ ಆದದ್ದು ಇನ್ನೂ ದೊಡ್ಡ ಪಲ್ಲಟ. ಸ್ಪರ್ಧೆ ನಡೆದ 59 ನ್ಯಾಯಾಧೀಶ ಹುದ್ದೆಗಳನ್ನೂ ಡೆಮಾಕ್ರಟಿಕ್ ಪಕ್ಷ ಬಾಚಿಕೊಂಡಿತು. ಹೊಸದಾಗಿ ಪೀಠವೇರಿದವರಲ್ಲಿ 17 ಮಂದಿ ಕರಿಯ ಮಹಿಳೆಯರು. ಪಾಕಿಸ್ತಾನಿ ಮೂಲದ ರಾಬಿಯಾ ಸುಲ್ತಾನ್ ಕೋಲಿಯರ್ ಕೂಡ ಆ ವರ್ಷ ಗೆದ್ದವರಲ್ಲಿ ಒಬ್ಬರು. ನೇಮಕಾತಿಯ ದಾರಿಯಲ್ಲಿ ಇವರಿಗೆಲ್ಲ ಪೀಠ ಸಿಗಲು ಎಷ್ಟು ದಶಕ ಬೇಕಾಗುತ್ತಿತ್ತೋ! ದೊಡ್ಡವರ ಪರಿಚಯ, ದೊಡ್ಡ ಲಾ ಕಂಪೆನಿಯ ಬೆಂಬಲ ಇಲ್ಲದ, 2017ರವರೆಗೆ ಪೌರತ್ವವೂ ಇರದ ಬಳಾಲ್‌ನ ಮನುಷ್ಯನ ಹೆಸರನ್ನು ಯಾವ ರಾಜ್ಯಪಾಲ ಆರಿಸುತ್ತಿದ್ದರು?

ಇಲ್ಲಿಗೇ ನಿಲ್ಲಿಸಿದರೆ ಲೇಖನ ಸಿಹಿಯಾಗಿಯೇ ಮುಗಿಯುತ್ತದೆ. ಆದರೆ ಕಟಕಟೆಯಲ್ಲಿ ನಿಂತವನ ಕಡೆಯಿಂದಲೂ ನೋಡಬೇಕು.

ಹ್ಯಾರಿಸ್ ಕೌಂಟಿಯ ಆ 2018ರ ಸುನಾಮಿ ಆದದ್ದು ಹೇಗೆ? ಆಗ ಟೆಕ್ಸಾಸ್‌ನಲ್ಲಿ ಒಂದೇ ಗುಂಡಿ ಒತ್ತಿ ಇಡೀ ಪಕ್ಷಕ್ಕೆ ಮತ ಹಾಕುವ ಸೌಲಭ್ಯವಿತ್ತು. (ಅದು ರದ್ದಾದದ್ದು 2020ರ ಚುನಾವಣೆಯಿಂದ.) ಮೇಲಿನ ಹುದ್ದೆಯ ಅಭ್ಯರ್ಥಿಯನ್ನು ಮೆಚ್ಚಿ ಗುಂಡಿ ಒತ್ತಿದವರ ಮತ ಕೆಳಗಿನ 59 ನ್ಯಾಯಾಧೀಶರಿಗೂ ಹೋಯಿತು. ಸೋತವರಲ್ಲಿ ಒಳ್ಳೆಯವರಿದ್ದರೇ, ಗೆದ್ದವರಲ್ಲಿ ಅನುಭವ ಇಲ್ಲದವರಿದ್ದರೇ, ಯಾರೂ ಕೇಳಲಿಲ್ಲ. ಹಿಂದೆ ರಿಪಬ್ಲಿಕನ್ ಗಾಳಿ ಬೀಸಿದಾಗಲೂ ಇದೇ ಕಥೆ. ಸೋತ ಮರುದಿನ ಅಲ್ಲಿನ ಬಾಲಾಪರಾಧ ನ್ಯಾಯಾಲಯದ ನ್ಯಾಯಾಧೀಶರೊಬ್ಬರು ತಮ್ಮ ಮುಂದೆ ಬಂದ ಹುಡುಗರಿಗೆ, 'ಯಾರನ್ನಾದರೂ ಕೊಲ್ಲುವ ಯೋಚನೆ ಇದೆಯೇ' ಎಂದಷ್ಟೇ ಕೇಳಿ, ಇಲ್ಲ ಎಂದವರನ್ನು ಒಬ್ಬೊಬ್ಬರನ್ನಾಗಿ ಬಿಟ್ಟುಕಳಿಸಿದರು. ಇದು ದೊಡ್ಡ ಸುದ್ದಿಯಾಯಿತು. ಬಿಟ್ಟದ್ದು ಸರಿಯೋ ತಪ್ಪೋ ಆಮೇಲಿನ ಮಾತು. ಹಿಂದಿನ ವಾರ ಒಳಗಿಡಬೇಕಾಗಿದ್ದ ಹುಡುಗ ಈ ವಾರ ಹೊರಗಿರಬಹುದು ಎಂದಾದರೆ, ನಡುವೆ ಬದಲಾದದ್ದು ಹುಡುಗನ ತಪ್ಪಲ್ಲ, ಚುನಾವಣೆಯ ಫಲಿತಾಂಶ!

ಇದು ಒಬ್ಬರ ಮುಂಗೋಪ ಎಂದು ಬಿಡಬಹುದಿತ್ತು. ಆದರೆ ಗ್ರೆಗರಿ ಹ್ಯೂಬರ್ ಮತ್ತು ಸ್ಯಾನ್‌ಫರ್ಡ್ ಗಾರ್ಡನ್ ಎಂಬ ಇಬ್ಬರು ವಿದ್ವಾಂಸರು ಪೆನ್ಸಿಲ್ವೇನಿಯಾ ರಾಜ್ಯದ ವಿಚಾರಣಾ ನ್ಯಾಯಾಲಯಗಳ 22 ಸಾವಿರಕ್ಕೂ ಹೆಚ್ಚು ಶಿಕ್ಷೆಗಳನ್ನು ಒಂದೊಂದಾಗಿ ಪರಿಶೀಲಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ಹಲ್ಲೆ, ಅತ್ಯಾಚಾರ, ದರೋಡೆ ಪ್ರಕರಣಗಳವು. ನ್ಯಾಯಾಧೀಶರು ಮತದಾರರ ಮುಂದೆ ನಿಲ್ಲುವ ದಿನ ಹತ್ತಿರವಾದಂತೆ ಅವರು ಕೊಡುವ ಶಿಕ್ಷೆ ಉದ್ದವಾಗುತ್ತದೆ ಎಂದು ಅವರು ಕಂಡುಕೊಂಡರು. ಹೀಗೆ ಚುನಾವಣೆಯ ಕಾರಣಕ್ಕೇ ಹೆಚ್ಚಾದ ಜೈಲುವಾಸ ಒಟ್ಟು 1,800 ವರ್ಷಗಳಿಗೂ ಮಿಕ್ಕಿ ಎಂದು ಅವರ ಲೆಕ್ಕ. ಕಾರಣ ಊಹಿಸುವುದು ಕಷ್ಟವಲ್ಲ. ಕಠಿಣ ಶಿಕ್ಷೆ ಕೊಟ್ಟ ನ್ಯಾಯಾಧೀಶನನ್ನು ಯಾರೂ ಬೈಯುವುದಿಲ್ಲ. ಕನಿಕರ ತೋರಿಸಿ ಬಿಟ್ಟವನು ಹೊರಗೆ ಹೋಗಿ ಮತ್ತೊಂದು ಅಪರಾಧ ಮಾಡಿದರೆ ಮಾತ್ರ ಎದುರಾಳಿಯ ಪೋಸ್ಟರಿನಲ್ಲಿ ನ್ಯಾಯಾಧೀಶನ ಫೋಟೋ ಬರುತ್ತದೆ. ಒಬ್ಬ ಬಡವ ಫೆಬ್ರವರಿಯಲ್ಲಿ ಶಿಕ್ಷೆಗೆ ನಿಂತನೋ ಅಕ್ಟೋಬರ್‌ನಲ್ಲಿ ನಿಂತನೋ ಎಂಬುದರ ಮೇಲೆ ಅವನ ಮಕ್ಕಳು ಅಪ್ಪನಿಲ್ಲದೆ ಕಳೆಯುವ ತಿಂಗಳುಗಳು ಹೆಚ್ಚು ಕಡಿಮೆಯಾಗುವುದಾದರೆ ಅದನ್ನು ಏನೆಂದು ಕರೆಯೋಣ?

ಇದರ ಇನ್ನೊಂದು ಮುಖ ಕ್ಯಾಲಿಫೋರ್ನಿಯಾದ ಏರನ್ ಪರ್ಸ್ಕಿ ಪ್ರಕರಣ. ಪ್ರಜ್ಞೆ ತಪ್ಪಿದ್ದ ಯುವತಿಯ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಈಜುಗಾರ ವಿದ್ಯಾರ್ಥಿಗೆ ಸಾಂತಾ ಕ್ಲಾರಾ ಕೌಂಟಿಯ ಈ ನ್ಯಾಯಾಧೀಶ 2016ರಲ್ಲಿ ಕೊಟ್ಟದ್ದು ಆರು ತಿಂಗಳ ಜೈಲು. ಮೂರೇ ತಿಂಗಳಲ್ಲಿ ಹುಡುಗ ಹೊರಗೆ ಬಂದ. ಆ ಯುವತಿ ನ್ಯಾಯಾಲಯದಲ್ಲಿ ಓದಿದ ಹೇಳಿಕೆ ಜಗತ್ತಿನಾದ್ಯಂತ ಹರಡಿತು. ಹೆಣ್ಣು ಹೆತ್ತ ಯಾವ ತಂದೆ ತಾಯಿಗೂ ರಕ್ತ ಕುದಿಯುವ ತೀರ್ಪು ಅದು. ಜನ ಸಹಿ ಸಂಗ್ರಹಿಸಿದರು. 2018ರ ಜೂನ್ 5ರಂದು ಮತ ಹಾಕಿ ನ್ಯಾಯಾಧೀಶನನ್ನೇ ಪೀಠದಿಂದ ಇಳಿಸಿದರು. ಆ ರಾಜ್ಯದಲ್ಲಿ 1932ರ ನಂತರ ಹೀಗಾದದ್ದು ಅದೇ ಮೊದಲು.

ನಾನೂ ಆ ಸಿಟ್ಟಿನ ಪಕ್ಷದವನೇ. ಆದರೆ ಆಗ ಬಡವರ ಪರವಾಗಿ ವಾದಿಸುವ ಅನೇಕ ವಕೀಲರು ಜನರನ್ನು ತಡೆದಿದ್ದರು. ಪರ್ಸ್ಕಿ ಹೋಗಲಿ, ಅವನನ್ನು ಕಂಡು ಹೆದರುವ ಉಳಿದ ನ್ಯಾಯಾಧೀಶರ ಕೈಗೆ ಸಿಕ್ಕುವವರು ಯಾರು? ಸ್ಟ್ಯಾನ್‌ಫರ್ಡ್‌ನ ಹುಡುಗರಲ್ಲ, ಒಳ್ಳೆಯ ವಕೀಲನಿಡಲು ದುಡ್ಡಿಲ್ಲದ ಕರಿಯರು, ಮೆಕ್ಸಿಕೋದವರು ಎಂದು ಅವರು ಎಚ್ಚರಿಸಿದರು. ಆ ಅಭಿಯಾನ ಶುರುವಾದ ಮೇಲೆ ಕ್ಯಾಲಿಫೋರ್ನಿಯಾದಲ್ಲಿ ಶಿಕ್ಷೆಯ ಪ್ರಮಾಣ ಏರಿದ್ದನ್ನು ಮುಂದೆ ನಡೆದ ಅಧ್ಯಯನ ತೋರಿಸಿಕೊಟ್ಟಿತು.

ದುಡ್ಡಿನ ವಿಷಯ ಬೇರೆಯೇ ಇದೆ. ಚುನಾವಣೆ ಎಂದ ಮೇಲೆ ಖರ್ಚು, ಖರ್ಚೆಂದ ಮೇಲೆ ಚಂದಾ. ನ್ಯಾಯಾಧೀಶನಿಗೆ ಚಂದಾ ಕೊಡುವವರು ಹೆಚ್ಚಾಗಿ ಅದೇ ನ್ಯಾಯಾಧೀಶನ ಮುಂದೆ ವಾದಿಸುವ ವಕೀಲರು! ಟೆಕ್ಸಾಸ್ ಈ ನಾಚಿಕೆಗೆ 1995ರಲ್ಲಿ ಕಾನೂನು ಮಾಡಿ ಚಂದಾಕ್ಕೆ ಮಿತಿ ಹಾಕಿತು. ವೆಸ್ಟ್ ವರ್ಜೀನಿಯಾದಲ್ಲಿ 5 ಕೋಟಿ ಡಾಲರ್ ಪರಿಹಾರ ಕೊಡಬೇಕಾಗಿ ಬಂದ ಕಲ್ಲಿದ್ದಲು ಕಂಪೆನಿಯ ಮುಖ್ಯಸ್ಥ, ಮೇಲ್ಮನವಿ ಬರುವ ಮೊದಲೇ 30 ಲಕ್ಷ ಡಾಲರ್ ಖರ್ಚು ಮಾಡಿ ರಾಜ್ಯದ ಸುಪ್ರೀಂ ಕೋರ್ಟಿಗೆ ತನಗೆ ಬೇಕಾದವರು ಗೆಲ್ಲುವಂತೆ ಮಾಡಿದ. ಗೆದ್ದ ನ್ಯಾಯಾಧೀಶ ಆ ಕೇಸಿನಿಂದ ಹಿಂದೆ ಸರಿಯಲೂ ಒಪ್ಪಲಿಲ್ಲ. ಸರಿಯಬೇಕಿತ್ತು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿತು, ಅದೂ ಐವರು ಒಂದು ಕಡೆ, ನಾಲ್ವರು ಇನ್ನೊಂದು ಕಡೆ. ಆ ಸುಪ್ರೀಂ ಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿ ಸಾಂಡ್ರಾ ಡೇ ಓಕಾನರ್ 2006ರಲ್ಲಿ ನಿವೃತ್ತರಾದ ಮೇಲೆ ಊರೂರು ತಿರುಗಿ ನ್ಯಾಯಾಧೀಶರ ಚುನಾವಣೆ ನಿಲ್ಲಿಸಿ ಎಂದು ಭಾಷಣ ಮಾಡಿದರು. ಹೆಚ್ಚಿನ ರಾಜ್ಯಗಳು ಕಿವಿಗೊಡಲಿಲ್ಲ. ತನ್ನ ಕೈಯಲ್ಲಿರುವ ಮತವನ್ನು ಬಿಟ್ಟುಕೊಡು ಎಂದರೆ ಯಾವ ಊರಿನ ಜನ ಒಪ್ಪುತ್ತಾರೆ?

ನಮ್ಮ ಸಂವಿಧಾನ ರಚಿಸಿದವರು ಈ ದಾರಿ ಹಿಡಿಯಲಿಲ್ಲ. 233ನೇ ವಿಧಿಯಂತೆ ಜಿಲ್ಲಾ ನ್ಯಾಯಾಧೀಶರನ್ನು ಹೈಕೋರ್ಟಿನ ಸಮಾಲೋಚನೆಯೊಂದಿಗೆ ರಾಜ್ಯಪಾಲರು ನೇಮಿಸುತ್ತಾರೆ. ಸಿವಿಲ್ ನ್ಯಾಯಾಧೀಶರಾಗಲು ಪರೀಕ್ಷೆ ಬರೆಯಬೇಕು. ಕನಿಷ್ಠ ಮೂರು ವರ್ಷ ವಕೀಲಿ ಮಾಡಿರಲೇಬೇಕು ಎಂಬ ಹಳೆಯ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ 20ರಂದು ಮತ್ತೆ ತಂದಿದೆ. ಆಯ್ಕೆಯಾದವರಿಗೆ ಊರ ರಾಜಕಾರಣಿಯ ಹಂಗಿಲ್ಲ, ಮತದ ಭಯವಿಲ್ಲ, ಕೆಲವು ವರ್ಷಕ್ಕೊಮ್ಮೆ ವರ್ಗಾವಣೆ. ಇದು ಒಳ್ಳೆಯದೇ. ಆದರೆ ಜಿಲ್ಲಾ ಮತ್ತು ಅದರ ಕೆಳಗಿನ ನ್ಯಾಯಾಲಯಗಳಲ್ಲಿ 4 ಕೋಟಿಗೂ ಮಿಕ್ಕಿ ಕೇಸುಗಳು ಕೊಳೆಯುತ್ತಿರುವಾಗ, ಜೀವನಾಂಶಕ್ಕಾಗಿ ಮಗುವನ್ನು ಸೊಂಟದಲ್ಲಿಟ್ಟುಕೊಂಡು ವರ್ಷಗಟ್ಟಲೆ ಅಲೆಯುವ ಹೆಣ್ಮಗಳಿಗೆ 'ಇಷ್ಟು ತಡ ಯಾಕೆ' ಎಂದು ಕೇಳಲು ಯಾವ ಬಾಗಿಲೂ ಇಲ್ಲ. ಟೆಕ್ಸಾಸ್‌ನವಳಿಗೆ ನಾಲ್ಕು ವರ್ಷಕ್ಕೊಮ್ಮೆಯಾದರೂ ಒಂದು ಬಾಗಿಲು ತೆರೆಯುತ್ತದೆ. ಎರಡರಲ್ಲಿ ಒಂದನ್ನು ಆರಿಸು ಎಂದರೆ ನಾನು ಪರೀಕ್ಷೆಯನ್ನೇ ಆರಿಸುತ್ತೇನೆ. ಕಟಕಟೆಯಲ್ಲಿ ನಿಂತವನು ಹೆಚ್ಚಾಗಿ ಜನರಿಗೆ ಬೇಡವಾದವನು. ಅವನ ತಲೆಯ ಮೇಲಿನ ತೀರ್ಪು ಜನಪ್ರಿಯತೆಯ ತಕ್ಕಡಿಗೆ ಬೀಳಬಾರದು. ಹಾಗೆ ಆರಿಸುವಾಗ ಬಳಾಲ್‌ನ ಹುಡುಗ ಟೆಕ್ಸಾಸ್‌ನಲ್ಲಿ ಪೀಠವೇರುತ್ತಿರಲಿಲ್ಲ ಎಂಬುದೂ ನನಗೆ ಗೊತ್ತು.

ಹೈಸ್ಕೂಲು ಮುಗಿಸಿ ಬೀಡಿ ಬ್ರಾಂಚಿಗೋ ಗಲ್ಫಿಗೋ ಎಂದು ಯೋಚಿಸುತ್ತಿರುವ ನಮ್ಮ ಮಕ್ಕಳಿಗೆ ಇದರಲ್ಲಿ ಏನಿದೆ ಎಂದು ಕೇಳುವವರಿಗೆ ಒಂದು ಮಾಹಿತಿ. ಪಿಯುಸಿ ಮುಗಿಸಿದವರಿಗೆ ಐದು ವರ್ಷದ, ಪದವಿ ಮುಗಿಸಿದವರಿಗೆ ಮೂರು ವರ್ಷದ ಕಾನೂನು ಕೋರ್ಸು ಇದೆ. ಹೆಣ್ಮಕ್ಕಳೂ ಈಗ ದೊಡ್ಡ ಸಂಖ್ಯೆಯಲ್ಲಿ ಸೇರುತ್ತಿದ್ದಾರೆ. ಸಿವಿಲ್ ನ್ಯಾಯಾಧೀಶ ಹುದ್ದೆಗೆ ಹೈಕೋರ್ಟ್ ಅರ್ಜಿ ಕರೆಯುತ್ತದೆ. ಪೂರ್ವಭಾವಿ ಪರೀಕ್ಷೆ, ಮುಖ್ಯ ಪರೀಕ್ಷೆ, ಆಮೇಲೆ ಸಂದರ್ಶನ. ಅಲ್ಲಿ ಉಚ್ಚಾರಣೆಗೆ ಮತ ಹಾಕುವವರಿಲ್ಲ.

ಪಟ್ಟೇಲ್ ಪೀಠದ ಅವಧಿ 2023ರ ಜನವರಿ 1ರಿಂದ ನಾಲ್ಕು ವರ್ಷ, ಅಂದರೆ 2026ರ ಕೊನೆಯವರೆಗೆ. ಅವರು ಒಳಚುನಾವಣೆಯಲ್ಲಿ ಸೋಲಿಸಿದ ಫ್ರೇಲಿಯವರೂ ಅದೇ ಪೀಠಕ್ಕೆ ಬಂದದ್ದು ಮತದಿಂದಲೇ, ಹೋದದ್ದೂ ಮತದಿಂದಲೇ.